ಸಾಪೇಕ್ಷತಾವಾದದ ವಿಕಾಸ
(ಉಪನ್ಯಾಸ)



ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಭೌತವಿಜ್ಞಾನದೊಳಗೆ ಹುಟ್ಟಿ ಲೋಕದ ವಿದ್ವಾಂಸರ ಬುದ್ಧಿಯನ್ನು ಕದಲಿಸಿದ ಸಿದ್ಧಾಂತವೊಂದುಂಟು. ಅದಕ್ಕೆ ಸಾಪೇಕ್ಷತಾವಾದವೆಂದು ಹೆಸರು. ಆ ಹೆಸರನ್ನು ಕೇಳದ ವಿದ್ಯಾವಂತರು ವಿರಳ. ಅದರ ಅರ್ಥವನ್ನು ವಿಚಾರಿಸಿದವರು ಇನ್ನೂ ವಿರಳ. ಹೀಗೆ ಹೆಸರು ಮಾತ್ರ ಕಿವಿಗೆ ಬಿದ್ದು ಅರ್ಥವು ಬುದ್ಧಿಗೆ ಮುಟ್ಟದಿರುವುದರಿಂದ ಎರಡು ಬಗೆಯ ಭ್ರಾಂತಿಗಳು ಜನರಲ್ಲಿ ಹರಡಿಕೊಂಡಿರುವುವು. "ಎಲ್ಲವೂ ಸಾಪೇಕ್ಷವೆಂದು ವಿಜ್ಞಾನವೇ ಹೇಳಿಬಿಟ್ಟಿದೆ, ಆದುದರಿಂದ ಸತ್ಯವೆಂಬುದು ಅವರವರ ಕಣ್ಣಿಗೆ ಕಂಡಂತೆ, ಎಲ್ಲರಿಗೂ ಒಂದೇ ಆದ ನಿಯಮವೆಂಬುದಿಲ್ಲ" ಎಂದು ಕೆಲವರು ವಾದಿಸುವರು. "ಇದೆಲ್ಲವೂ ನಮ್ಮ ಪೂರ್ವಿಕರ ಗ್ರಂಥಗಳಲ್ಲಿ ಮೊದಲೇ ಇದ್ದುದು, ಇದರಲ್ಲಿ ಹೊಸದೇನು?" ಎಂದು ಮತ್ತೆ ಕೆಲವರು ಅಭಿಮಾನಪಡುವರು. ಮೊದಲನೆಯ ಮಾತು ಧರ್ಮಾಧರ್ಮ ವಿವೇಚನೆಗೇ ಕುಂದನ್ನು ತರತಕ್ಕದ್ದು. ಎರಡನೆಯದು ವಿದ್ಯಾರ್ಥಿಯ ಜಿಜ್ಞಾಸೆಯನ್ನು ಅಡಗಿಸತಕ್ಕದ್ದು. ಆದುದರಿಂದ ಈ ಸಿದ್ಧಾಂತವು ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಯಾವ ಪ್ರಮಾಣಗಳಿಂದ ನಿಂತಿತು ಎಂಬುದನ್ನು ಕ್ರಮವಾಗಿ ತಿಳಿಯುವುದು ಅವಶ್ಯಕವಾಗಿದೆ.

ಇದರ ಸಾರವನ್ನು ಮೊದಲೇ ಹೇಳಿಬಿಡುವುದು ಲೇಸು. ಅಳೆಯುವವನ ಚಲನೆಯನ್ನೂ ಸ್ಥಾನವನ್ನೂ ಅನುಸರಿಸಿ ಉದ್ದ, ಕಾಲ ಮುಂತಾದ ಅಳತೆಗಳು ಬೇರೆ ಬೇರೆಯಾಗುವುವು. ಪ್ರಕೃತಿಯ ನಿಯಮವಾದರೋ ಎಲ್ಲ ಅಳೆಯುವವರಿಗೂ ಒಂದೇ. ಅಳತೆಗಳ ಭೇದದ ಹಿಂದೆ ಅಡಗಿರುವ ಈ ಅಭೇದವನ್ನು ಹುಡುಕುವುದೇ ಈ ಶಾಸ್ತ್ರದ ಗುರಿ. ಇದನ್ನು ಕಂಡೇ ಜರ್ಮನಿಯ ಗಣಿತಜ್ಞನಾದ ಫೆಲಿಕ್ಸ್ ಕ್ಲೈನನು ಇದಕ್ಕೆ "ಅವಿಕಾರಿಗಳ ಸಿದ್ಧಾಂತ", ಎಂದರೆ ಬದಲಾಗದ ರಾಶಿಗಳ ಸಿದ್ಧಾಂತ, ಎಂಬ ಹೆಸರು ಒಪ್ಪುವುದೆಂದು ಸೂಚಿಸಿದ್ದನು. ಆ ಹೆಸರು ರೂಢಿಗೆ ಬಂದಿದ್ದರೆ ಮೇಲೆ ಹೇಳಿದ ಮೊದಲನೆಯ ಭ್ರಾಂತಿಗೆ ಅವಕಾಶವೇ ಇರುತ್ತಿರಲಿಲ್ಲ.

ಈ ವಿಚಾರದ ಬೀಜವು ಬಹಳ ಹಿಂದಿನದು. ಇಟಲಿ ದೇಶದ ಗೆಲಿಲಿಯೋ ಎಂಬ ಪಂಡಿತನು 1632ರಲ್ಲಿ ಪ್ರಕಟಿಸಿದ ಸಂವಾದರೂಪವಾದ ಗ್ರಂಥದಲ್ಲಿ ಒಂದು ದೃಷ್ಟಾಂತವನ್ನು ಕೊಟ್ಟನು. ಹಡಗಿನ ಒಳಗಣ ಮುಚ್ಚಿದ ಕೋಣೆಯಲ್ಲಿ ಕುಳಿತವನು, ಹಡಗು ಅಲುಗಾಡದೆ ಸಮವೇಗದಿಂದ ಸಾಗುತ್ತಿರುವಾಗ, ಅದು ನಿಂತಿದೆಯೋ ಚಲಿಸುತ್ತಿದೆಯೋ ಎಂಬುದನ್ನು ಒಳಗಿನ ಯಾವ ಪ್ರಯೋಗದಿಂದಲೂ ತಿಳಿಯಲಾರನು. ಮೇಲಿನ ಪಾತ್ರೆಯಿಂದ ತೊಟ್ಟಿಕ್ಕುವ ನೀರು ನೇರವಾಗಿ ಕೆಳಗಿನ ಪಾತ್ರೆಗೇ ಬೀಳುವುದು. ಬೋಗುಣಿಯ ಮೀನು ಎತ್ತಲಾದರೂ ಒಂದೇ ಶ್ರಮದಿಂದ ಈಜುವುದು. ಎಂದರೆ ನಿಂತವನಿಗೂ ಸಮವೇಗದಿಂದ ಚಲಿಸುವವನಿಗೂ ಚಲನೆಯ ನಿಯಮಗಳು ಒಂದೇ. ಇದೇ ಸಾಪೇಕ್ಷತೆಯ ಆದಿಸೂತ್ರ. 1687ರಲ್ಲಿ ಇಂಗ್ಲೆಂಡಿನ ನ್ಯೂಟನ್ನನು ತನ್ನ ಮಹಾಗ್ರಂಥವಾದ "ಪ್ರಿನ್ಸಿಪಿಯಾ"ದಲ್ಲಿ ಚಲನೆಯ ನಿಯಮಗಳನ್ನೂ ಗುರುತ್ವಾಕರ್ಷಣದ ನಿಯಮವನ್ನೂ ಸ್ಥಾಪಿಸಿದನು. ಆತನು ಗೆಲಿಲಿಯೋವಿನ ಸೂತ್ರವನ್ನು ಒಪ್ಪಿದರೂ, ಯಾವುದನ್ನೂ ಅಪೇಕ್ಷಿಸದೆ ಎಲ್ಲೆಲ್ಲಿಯೂ ಏಕರೂಪವಾಗಿ ಹರಿಯುವ ಕಾಲವೊಂದು, ಕದಲದೆ ನಿಂತಿರುವ ಆಕಾಶವೊಂದು ಇರುವುದೆಂದು ಭಾವಿಸಿದನು. ಇನ್ನೂರು ವರ್ಷಗಳವರೆಗೆ ಈ ಭಾವನೆಯನ್ನು ಅಲುಗಾಡಿಸುವ ಕಾರಣವು ಒದಗಲಿಲ್ಲ.

ಕಾರಣವು ಒದಗಿದುದು ಬೆಳಕಿನ ವಿಚಾರದಿಂದ. ಗುರುಗ್ರಹದ ಒಂದು ಚಂದ್ರನ ಗ್ರಹಣಗಳು ಗಣಿತದ ಕಾಲಕ್ಕಿಂತ ಹಿಂದುಮುಂದಾಗುವುದನ್ನು ಕಂಡು, ಬೆಳಕು ಬಂದು ಮುಟ್ಟಲು ಕಾಲ ಹಿಡಿಯುವುದೆಂದು ಡೆನ್ಮಾರ್ಕಿನ ರೋಮರನು 1676ರಲ್ಲಿಯೇ ತೋರಿಸಿದ್ದನು. ಅದರ ವೇಗವು ಸೆಕೆಂಡಿಗೆ ಸುಮಾರು 1,86,000 ಮೈಲು. 1865ರಲ್ಲಿ ಸ್ಕಾಟ್ಲೆಂಡಿನ ಮ್ಯಾಕ್ಸ್‌ವೆಲ್ಲನು ವಿದ್ಯುತ್ತು ಮತ್ತು ಅಯಸ್ಕಾಂತತ್ವಗಳ ಸಮೀಕರಣಗಳನ್ನು ಪ್ರಕಟಿಸಿ, ಬೆಳಕು ಇವೆರಡರ ತರಂಗವೇ ಆಗಿರುವುದೆಂದು ನಿರ್ಣಯಿಸಿದನು. ಆ ಸಮೀಕರಣಗಳಿಂದ ಬೆಳಕಿನ ವೇಗವು ತಾನೇ ತಾನಾಗಿ ಹೊರಬೀಳುವುದು. ಆದರೆ ಈ ವೇಗವು ಯಾವುದನ್ನು ಕುರಿತು? ಶಬ್ದದ ವೇಗವೆಂದರೆ ಗಾಳಿಯನ್ನು ಕುರಿತ ವೇಗ. ಹಾಗೆಯೇ ಬೆಳಕಿಗೂ ಒಂದು ಆಧಾರದ್ರವ್ಯವಿರಬೇಕೆಂದೂ, ಅದು ಸಕಲ ಆಕಾಶದಲ್ಲಿ ನಿಶ್ಚಲವಾಗಿ ತುಂಬಿಕೊಂಡಿರುವುದೆಂದೂ ಪಂಡಿತರು ಊಹಿಸಿ, ಅದಕ್ಕೆ ಈಥರ್ ಎಂದು ಹೆಸರಿಟ್ಟರು.

ಈಥರು ಇದ್ದುದಾದರೆ ಭೂಮಿಯು ಅದರೊಳಗೆ ಸಾಗುತ್ತಿರಬೇಕು. ಭೂಮಿಯು ಸೂರ್ಯನನ್ನು ಸುತ್ತುವ ವೇಗವು ಸೆಕೆಂಡಿಗೆ ಸುಮಾರು 18½ ಮೈಲು. ಈ ಚಲನೆಯನ್ನು ಪ್ರತ್ಯಕ್ಷವಾಗಿ ಹಿಡಿಯಬೇಕೆಂದು ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ಮೈಕೆಲ್ಸನ್, ಮಾರ್ಲಿ ಎಂಬಿಬ್ಬರು 1887ರಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ದೊಡ್ಡ ಕಲ್ಲಿನ ಚಪ್ಪಡಿಯನ್ನು ಪಾದರಸದ ಮೇಲೆ ತೇಲಿಸಿ, ಅದರ ಮೇಲೆ ಕನ್ನಡಿಗಳನ್ನು ಇರಿಸಿ, ಒಂದೇ ಬೆಳಕಿನ ಕಿರಣವನ್ನು ಎರಡಾಗಿ ಸೀಳಿ, ಒಂದಕ್ಕೊಂದು ಲಂಬವಾದ ಎರಡು ದಾರಿಗಳಲ್ಲಿ ಕಳುಹಿಸಿ ಮರಳಿ ಕೂಡಿಸಿದರು. ಹೊಳೆಯಲ್ಲಿ ಪ್ರವಾಹಕ್ಕೆ ಎದುರಾಗಿ ಹೋಗಿ ಬರುವವನಿಗೂ ಅಡ್ಡಲಾಗಿ ದಾಟಿ ಬರುವವನಿಗೂ ಹಿಡಿಯುವ ಕಾಲವು ಬೇರೆಯಾಗುವಂತೆ, ಈ ಎರಡು ಕಿರಣಗಳ ಕಾಲದಲ್ಲಿಯೂ ಭೇದವು ಕಾಣಬೇಕಾಗಿದ್ದಿತು. ಚಪ್ಪಡಿಯನ್ನು ಎತ್ತ ತಿರುಗಿಸಿದರೂ ಆ ಭೇದವು ಕಾಣಲಿಲ್ಲ. ಕಾಣಬೇಕೆಂದು ಇಷ್ಟು ಜಾಗರೂಕತೆಯಿಂದ ಹುಡುಕಿದುದು ಕಾಣದೆ ಹೋದಾಗ, ಆ ಕಾಣದಿರುವಿಕೆಯೇ ಒಂದು ಪ್ರಮಾಣವಾಗುವುದು. ನ್ಯಾಯಶಾಸ್ತ್ರವನ್ನು ಓದಿದವರಿಗೆ ಅನುಪಲಬ್ಧಿಯ ಚರ್ಚೆಯು ಹೊಸದಲ್ಲ.

ಪಂಡಿತರು ಈ ಇಕ್ಕಟ್ಟಿನಿಂದ ಪಾರಾಗಲು ಯತ್ನಿಸಿದರು. ಚಲಿಸುವ ವಸ್ತುವು ಚಲನೆಯ ದಿಕ್ಕಿನಲ್ಲಿ ಸ್ವಲ್ಪ ಕುಗ್ಗುವುದೆಂದು ಐರ್ಲೆಂಡಿನ ಫಿಟ್ಸ್‌ಜೆರಾಲ್ಡನು 1889ರಲ್ಲಿಯೂ, ಹಾಲೆಂಡಿನ ಲೊರೆಂಟ್ಸನು 1892ರಲ್ಲಿಯೂ ಹೇಳಿದರು. ನಿಂತವನ ಅಳತೆಗಳನ್ನು ಚಲಿಸುವವನ ಅಳತೆಗಳಿಗೆ ಪರಿವರ್ತಿಸುವ ಗಣಿತಸೂತ್ರಗಳನ್ನು ಲೊರೆಂಟ್ಸನು 1904ರಲ್ಲಿ ಪ್ರಕಟಿಸಿದನು. ಫ್ರಾನ್ಸಿನ ಪ್ವಾಂಕಾರೆಯು 1905ರಲ್ಲಿ ಅವುಗಳನ್ನು ತಿದ್ದಿ ಸ್ಫುಟಗೊಳಿಸಿದನು. ಸೂತ್ರಗಳು ಸಿದ್ಧವಾಗಿದ್ದುವು, ಅವುಗಳಿಗೆ ತಕ್ಕ ಅರ್ಥವನ್ನು ಹೇಳುವವನು ಇನ್ನೂ ಬರಬೇಕಾಗಿದ್ದಿತು.

ಆಲ್ಬರ್ಟ್ ಐನ್‌ಸ್ಟೈನನು 1879ನೆಯ ಮಾರ್ಚಿ 14ರಂದು ಜರ್ಮನಿಯ ಉಲ್ಮ್ ಎಂಬ ಊರಿನಲ್ಲಿ ಹುಟ್ಟಿದನು. 1905ರಲ್ಲಿ ಆತನಿಗೆ 26 ವರ್ಷ. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ, ಹೊಸ ಯಂತ್ರಗಳ ಹಕ್ಕನ್ನು ನೋಂದಾಯಿಸುವ ಸರ್ಕಾರದ ಕಚೇರಿಯಲ್ಲಿ ಸಣ್ಣ ಹುದ್ದೆಯಲ್ಲಿದ್ದನು. ಯಾವ ವಿಶ್ವವಿದ್ಯಾನಿಲಯದ ಪೀಠವೂ ಆತನಿಗಿರಲಿಲ್ಲ. ಆ ವರ್ಷ ಆತನು ಪ್ರಕಟಿಸಿದ ಲೇಖನವೊಂದು ಎರಡೇ ಪ್ರತಿಜ್ಞೆಗಳ ಮೇಲೆ ನಿಂತಿತು. ಸಮವೇಗದಿಂದ ಚಲಿಸುವ ಎಲ್ಲ ವೀಕ್ಷಕರಿಗೂ ಪ್ರಕೃತಿಯ ನಿಯಮಗಳು ಒಂದೇ ಎಂಬುದು ಮೊದಲನೆಯದು. ಬೆಳಕನ್ನು ಕಳುಹಿಸುವ ದೀಪವು ಹೇಗೆ ಚಲಿಸುತ್ತಿದ್ದರೂ ನಿರ್ವಾತದಲ್ಲಿ ಬೆಳಕಿನ ವೇಗವು ಒಂದೇ ಎಂಬುದು ಎರಡನೆಯದು. ಇವೆರಡನ್ನೂ ಒಟ್ಟಿಗೆ ಒಪ್ಪಿದರೆ ಈಥರಿನ ಅವಶ್ಯಕತೆಯೇ ಉಳಿಯದು. ಆದರೆ ಎಲ್ಲರಿಗೂ ಸಮಾನವಾಗಿ ಹರಿಯುವ ಕಾಲವೆಂಬ ಭಾವನೆಯನ್ನೂ ಬಿಡಬೇಕಾಗುವುದು.

ಅದು ಹೇಗೆಂಬುದನ್ನು ಗೆಲಿಲಿಯೋವಿನ ಹಡಗಿನಂತಹ ಒಂದು ನಾವೆಯನ್ನೇ ತೆಗೆದುಕೊಂಡು ವಿಚಾರಿಸೋಣ. ಬಹಳ ಉದ್ದವಾದ ನಾವೆಯೊಂದು ಮಹಾವೇಗದಿಂದ ಸಾಗುತ್ತಿರಲಿ. ಅದರ ನಟ್ಟನಡುವೆ ಒಂದು ದೀಪ. ಮುಂಭಾಗದಲ್ಲೊಬ್ಬನು, ಹಿಂಭಾಗದಲ್ಲೊಬ್ಬನು, ಬೆಳಕು ಕಂಡೊಡನೆ ಗಂಟೆ ಬಾರಿಸಬೇಕೆಂದು ನಿಂತಿರಲಿ. ದೀಪದ ಮುಸುಕನ್ನು ತೆಗೆಯಲಾಯಿತು. ನಾವೆಯೊಳಗಿನವರ ಲೆಕ್ಕದಲ್ಲಿ ಬೆಳಕು ಎರಡು ಕಡೆಗೂ ಸಮದೂರವನ್ನು ಸಮವೇಗದಿಂದ ದಾಟಿತು. ಆದುದರಿಂದ ಇಬ್ಬರೂ ಏಕಕಾಲದಲ್ಲಿ ಗಂಟೆ ಬಾರಿಸಿದರು. ದಡದ ಮೇಲಿನವರ ಲೆಕ್ಕದಲ್ಲಿಯೂ ಬೆಳಕಿನ ವೇಗವು ಎರಡು ಕಡೆಗೂ ಒಂದೇ. ಆದರೆ ಹಿಂದಿನವನು ಬೆಳಕಿಗೆ ಎದುರಾಗಿ ಬರುತ್ತಿದ್ದಾನೆ, ಮುಂದಿನವನು ಅದರಿಂದ ದೂರ ಸರಿಯುತ್ತಿದ್ದಾನೆ. ಆದುದರಿಂದ ಹಿಂದಿನ ಗಂಟೆಯೇ ಮೊದಲು ಬಾರಿಸಿತು. ಯಾರ ಮಾತು ಸುಳ್ಳು? ಇಬ್ಬರ ಗಣನೆಯೂ ನಿರ್ದೋಷವಾದುದೇ. ದೂರದೂರದಲ್ಲಿ ನಡೆಯುವ ಎರಡು ಘಟನೆಗಳನ್ನು ಕುರಿತು "ಏಕಕಾಲದಲ್ಲಿ" ಎಂಬ ಮಾತಿಗೆ, ಯಾರ ಲೆಕ್ಕದಲ್ಲಿ ಎಂದು ಹೇಳದ ಹೊರತು ಅರ್ಥವಿಲ್ಲವೆಂಬುದಷ್ಟೇ ಇದರಿಂದ ಸಿದ್ಧವಾಗುವುದು. ಹಾಗೆಂದು ಕಾರ್ಯಕಾರಣಗಳ ಕ್ರಮವು ಎಂದಿಗೂ ತಿರುಗುಮುರುಗಾಗದು. ದೀಪ ಬೆಳಗಿದುದು ಮೊದಲು, ಗಂಟೆ ಬಾರಿಸಿದುದು ತರುವಾಯ ಎಂಬುದು ಎಲ್ಲರಿಗೂ ಸಮ್ಮತವೇ.

ಈ ಒಂದು ವಿವೇಚನೆಯಿಂದ ಉಳಿದುದೆಲ್ಲವೂ ಹೊರಡುವುದು. ಚಲಿಸುವ ಗಡಿಯಾರವು ನಿಂತವನ ಲೆಕ್ಕದಲ್ಲಿ ನಿಧಾನವಾಗಿ ನಡೆಯುವುದು; ಚಲಿಸುವ ಕೋಲು ಕುಗ್ಗುವುದು. ಎತ್ತಿನ ಗಾಡಿಯ ಅಥವಾ ರೈಲುಗಾಡಿಯ ವೇಗದಲ್ಲಿ ಈ ಭೇದವು ಕಾಣಲಾರದಷ್ಟು ಸೂಕ್ಷ್ಮವಾದುದು. ಬೆಳಕಿನ ವೇಗವನ್ನು ಸಮೀಪಿಸಿದಂತೆಲ್ಲ ಅದು ಹೆಚ್ಚುವುದು. ಅದೇ 1905ರಲ್ಲಿ ಬರೆದ ಮತ್ತೊಂದು ಸಣ್ಣ ಲೇಖನದಲ್ಲಿ, ದ್ರವ್ಯರಾಶಿಯೂ ಶಕ್ತಿಯೂ ಒಂದೇ ವಸ್ತುವಿನ ಎರಡು ರೂಪಗಳೆಂದೂ, ದ್ರವ್ಯರಾಶಿಯನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದರೆ ಅದಕ್ಕೆ ಸಮನಾದ ಶಕ್ತಿಯು ದೊರೆಯುವುದೆಂದೂ ಐನ್‌ಸ್ಟೈನನು ತೋರಿಸಿದನು. ಸೂರ್ಯನು ಸೆಕೆಂಡೊಂದಕ್ಕೆ ಸುಮಾರು 40 ಲಕ್ಷ ಟನ್ನು ದ್ರವ್ಯರಾಶಿಯನ್ನು ಶಕ್ತಿರೂಪವಾಗಿ ಹೊರಚೆಲ್ಲಿ ಲೋಕವನ್ನು ಬೆಳಗುತ್ತಿರುವನು. 1945ರಲ್ಲಿ ಹಿರೋಷಿಮಾ ಮತ್ತು ನಾಗಸಾಕಿ ನಗರಗಳನ್ನು ಸುಟ್ಟ ಬಾಂಬುಗಳ ಶಕ್ತಿಯೂ ಇದೇ ಸಮೀಕರಣಕ್ಕೆ ಒಳಪಟ್ಟುದು. ನಿಯಮವು ಎರಡು ಕಡೆಗೂ ಒಂದೇ; ಅದನ್ನು ಬಳಸುವ ಹೊಣೆಯು ಮನುಷ್ಯನದು.

ಅಳತೆಗಳೆಲ್ಲ ಬದಲಾಗುವುದಾದರೆ ಬದಲಾಗದೆ ಉಳಿಯುವುದು ಯಾವುದು? ಇದಕ್ಕೆ ಉತ್ತರವನ್ನು ಕೊಟ್ಟವನು, ಹಿಂದೆ ಜೂರಿಕ್ ನಗರದಲ್ಲಿ ಐನ್‌ಸ್ಟೈನನಿಗೆ ಗಣಿತವನ್ನು ಕಲಿಸಿದ್ದ ಮಿಂಕೋವ್‌ಸ್ಕಿ. ಆತನು 1908ರಲ್ಲಿ ಕೊಲೋನ್ ನಗರದಲ್ಲಿ ಮಾಡಿದ ಉಪನ್ಯಾಸವು ಪ್ರಸಿದ್ಧವಾದುದು. ಅದರ ತಾತ್ಪರ್ಯವನ್ನು ಹೀಗೆ ಗ್ರಹಿಸಬಹುದು. ಚಪ್ಪರದಲ್ಲಿ ಓರೆಯಾಗಿ ನಿಲ್ಲಿಸಿದ ಗಳುವಿನ ನೆರಳು ನೆಲದ ಮೇಲೂ ಗೋಡೆಯ ಮೇಲೂ ಬೀಳುತ್ತಿರಲಿ. ಗಳುವನ್ನು ಬಾಗಿಸಿದಂತೆಲ್ಲ ಒಂದು ನೆರಳು ಉದ್ದವಾಗುವುದು, ಇನ್ನೊಂದು ಗಿಡ್ಡವಾಗುವುದು; ಗಳುವಿನ ಉದ್ದವು ಮಾತ್ರ ಇದ್ದಷ್ಟೇ ಇರುವುದು. ಹಾಗೆಯೇ ಎರಡು ಘಟನೆಗಳ ನಡುವಣ ದೂರವೂ ಕಾಲವೂ ಅಳೆಯುವವನ ಚಲನೆಗೆ ತಕ್ಕಂತೆ ಬದಲಾಗುವ ನೆರಳುಗಳು. ಎರಡನ್ನೂ ತಕ್ಕ ರೀತಿಯಲ್ಲಿ ಕೂಡಿಸಿ ಗಣಿಸಿದ ದೇಶಕಾಲಾಂತರವೆಂಬ ರಾಶಿಯು ಎಲ್ಲರಿಗೂ ಒಂದೇ. ಭೇದವಿಷ್ಟೆ: ಗಳುವಿನ ಲೆಕ್ಕದಲ್ಲಿ ವರ್ಗಗಳನ್ನು ಕೂಡಿಸುವೆವು, ಇಲ್ಲಿ ಕಾಲದ ವರ್ಗದಿಂದ ದೂರದ ವರ್ಗವನ್ನು ಕಳೆಯಬೇಕು. ಈ ಉಪನ್ಯಾಸವಾದ ಕೆಲವೇ ತಿಂಗಳಲ್ಲಿ, 1909ರ ಜನವರಿಯಲ್ಲಿ, ಮಿಂಕೋವ್‌ಸ್ಕಿಯು ಕಾಲವಾದನು.

ಇಷ್ಟಾದರೂ ಸಿದ್ಧಾಂತವು ಅರ್ಧಕ್ಕೆ ನಿಂತಿದ್ದಿತು. ಅದು ಸಮವೇಗದ ಚಲನೆಗೆ ಮಾತ್ರ ಅನ್ವಯಿಸುತ್ತಿದ್ದಿತು. ಗುರುತ್ವಾಕರ್ಷಣಕ್ಕೆ ಅದರಲ್ಲಿ ಸ್ಥಳವಿರಲಿಲ್ಲ. ಮಾಳಿಗೆಯಿಂದ ಬೀಳುತ್ತಿರುವ ಮನುಷ್ಯನಿಗೆ ಬೀಳುವಷ್ಟು ಹೊತ್ತು ತನ್ನ ಭಾರವೇ ತಿಳಿಯದೆಂಬ ಯೋಚನೆಯು 1907ರಲ್ಲಿ ಐನ್‌ಸ್ಟೈನನಿಗೆ ಹೊಳೆಯಿತು. ಹಾಗಾದರೆ ಗುರುತ್ವವನ್ನು ವೇಗವೃದ್ಧಿಯಿಂದ ಬೇರ್ಪಡಿಸುವುದು ಸಾಧ್ಯವಿಲ್ಲ. ಈ ಸುಳಿವನ್ನು ಹಿಡಿದು ಆತನು ಎಂಟು ವರ್ಷ ದುಡಿದನು. ದೇಶಕಾಲವೇ ದ್ರವ್ಯದ ಸನ್ನಿಧಿಯಲ್ಲಿ ಬಾಗುವುದೆಂದೂ, ಗ್ರಹಗಳು ಆ ಬಾಗಿದ ದೇಶಕಾಲದಲ್ಲಿ ಅತ್ಯಂತ ಸರಳವಾದ ದಾರಿಯನ್ನು ಹಿಡಿದು ಸಾಗುವುದೆಂದೂ ಆತನಿಗೆ ಹೊಳೆದರೂ, ಅದನ್ನು ಹೇಳುವ ಗಣಿತವು ತಿಳಿದಿರಲಿಲ್ಲ. 1912ರಲ್ಲಿ ತನ್ನ ಸಹಪಾಠಿಯಾಗಿದ್ದ ಮಾರ್ಸೆಲ್ ಗ್ರಾಸ್‌ಮನ್ನನ ನೆರವನ್ನು ಬೇಡಿದನು. ರೀಮಾನನು 1854ರಲ್ಲಿಯೇ ವಕ್ರವಾದ ಅವಕಾಶಗಳ ರೇಖಾಗಣಿತವನ್ನು ಉಪನ್ಯಸಿಸಿದ್ದನು. ಯಾವ ಪ್ರಯೋಜನವನ್ನೂ ಎಣಿಸದೆ ಹುಟ್ಟಿದ ಆ ಗಣಿತವು ಅರವತ್ತು ವರ್ಷಗಳ ತರುವಾಯ ಹೀಗೆ ಕೆಲಸಕ್ಕೆ ಬಂದಿತು. ನಡುವೆ ತಪ್ಪು ಸಮೀಕರಣಗಳನ್ನು ಪ್ರಕಟಿಸಿ, ಅವು ತಪ್ಪೆಂದು ತಾನೇ ಕಂಡುಕೊಂಡು, 1915ರ ನವೆಂಬರಿನ ನಾಲ್ಕು ಗುರುವಾರಗಳಲ್ಲಿ ಬರ್ಲಿನ್ನಿನ ವಿದ್ವತ್ಪರಿಷತ್ತಿನ ಮುಂದೆ ನಾಲ್ಕು ಲೇಖನಗಳನ್ನು ಮಂಡಿಸಿ, 25ನೆಯ ತಾರೀಖಿನಂದು ಸಮೀಕರಣಗಳಿಗೆ ಕಡೆಯ ರೂಪವನ್ನು ಕೊಟ್ಟನು.

ಈ ನೂತನ ಸಿದ್ಧಾಂತಕ್ಕೆ ಮೊದಲನೆಯ ಸಾಕ್ಷಿಯು ಬುಧಗ್ರಹ. ಬುಧನ ಕಕ್ಷೆಯಲ್ಲಿ ಸೂರ್ಯನಿಗೆ ಅತ್ಯಂತ ಸಮೀಪವಾದ ಬಿಂದುವು ವರ್ಷವರ್ಷಕ್ಕೂ ಸ್ವಲ್ಪ ಮುಂದೆ ಸರಿಯುವುದು. ಇತರ ಗ್ರಹಗಳ ಆಕರ್ಷಣವನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ನೂರು ವರ್ಷಗಳಿಗೆ 43 ವಿಕಲೆಗಳಷ್ಟು ಚಲನೆಯು ಮಿಗುವುದು. ಈ ಮಿಗತೆಯನ್ನು 1859ರಲ್ಲಿ ಮೊದಲು ಗುರುತಿಸಿದವನು ಫ್ರಾನ್ಸಿನ ಲೆವೆರಿಯೆ. ಯುರೇನಸ್ ಗ್ರಹದ ಓಟದಲ್ಲಿ ಕಂಡ ಇಂತಹುದೇ ವ್ಯತ್ಯಾಸದಿಂದ ನೆಪ್ಚೂನ್ ಗ್ರಹದ ಸ್ಥಾನವನ್ನು ಗಣಿಸಿ, ಅದು 1846ರಲ್ಲಿ ಆಕಾಶದಲ್ಲಿ ಕಾಣುವಂತೆ ಮಾಡಿದ್ದವನು ಆತನೇ. ಅದೇ ಅನುಮಾನವನ್ನು ಇಲ್ಲಿಯೂ ಹೂಡಿ, ಬುಧನಿಗಿಂತಲೂ ಒಳಗೆ ಕಾಣದ ಗ್ರಹವೊಂದಿರಬೇಕೆಂದನು. ಅದನ್ನು ಎಷ್ಟು ಹುಡುಕಿದರೂ ಸಿಕ್ಕಲಿಲ್ಲ. ಐನ್‌ಸ್ಟೈನನ ಸಮೀಕರಣಗಳಿಂದ ಹೊಸ ಗ್ರಹವಿಲ್ಲದೆಯೇ ಆ 43 ವಿಕಲೆಗಳು ಹೊರಬಿದ್ದುವು. ಒಂದು ಕಡೆ ಸಫಲವಾದ ಅನುಮಾನವು ಮತ್ತೊಂದು ಕಡೆ ವಿಫಲವಾಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಎರಡನೆಯ ಪರೀಕ್ಷೆಯು ಸೂರ್ಯಗ್ರಹಣದಲ್ಲಿ ನಡೆಯಬೇಕಾಗಿದ್ದಿತು. ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರದ ಬೆಳಕು 0.83 ವಿಕಲೆಯಷ್ಟು ಬಾಗಬೇಕೆಂದು ಐನ್‌ಸ್ಟೈನನು 1911ರಲ್ಲಿ ಗಣಿಸಿದ್ದನು. ಅದನ್ನು ನೋಡಲು 1914ರ ಆಗಸ್ಟಿನ ಗ್ರಹಣಕ್ಕಾಗಿ ಜರ್ಮನಿಯ ಪಂಡಿತರು ರಷ್ಯದ ಕ್ರಿಮಿಯಕ್ಕೆ ಹೋದರು. ಅಷ್ಟರಲ್ಲಿ ಮಹಾಯುದ್ಧವು ಆರಂಭವಾಗಿ ಅವರು ಸೆರೆಯಾದರು. ಆ ಪರೀಕ್ಷೆಯು ಅಂದು ನಡೆದಿದ್ದರೆ ಐನ್‌ಸ್ಟೈನನ ಗಣಿತವು ಸೋಲುತ್ತಿದ್ದಿತು. ಏಕೆಂದರೆ 1915ರ ಪೂರ್ಣ ಸಿದ್ಧಾಂತದಿಂದ ಹೊರಟ ಸಂಖ್ಯೆಯು ಅದರ ಇಮ್ಮಡಿ, ಎಂದರೆ ಸುಮಾರು 1.7 ವಿಕಲೆ. ಯುದ್ಧವು ಮುಗಿದ ಮೇಲೆ 1919ರ ಮೇ 29ರ ಗ್ರಹಣಕ್ಕೆ ಇಂಗ್ಲೆಂಡಿನವರು ಎರಡು ತಂಡಗಳನ್ನು ಕಳುಹಿಸಿದರು. ಎಡಿಂಗ್ಟನ್ನನು ಆಫ್ರಿಕದ ಬಳಿಯ ಪ್ರಿನ್ಸಿಪೆ ದ್ವೀಪಕ್ಕೆ ಹೋದನು. ಮತ್ತೊಂದು ತಂಡವು ಬ್ರೆಜಿಲ್ ದೇಶದ ಸೋಬ್ರಾಲಿಗೆ ಹೋಯಿತು. ಪ್ರಿನ್ಸಿಪೆಯಲ್ಲಿ 1.61, ಸೋಬ್ರಾಲಿನಲ್ಲಿ 1.98 ವಿಕಲೆಗಳೆಂದು ಫಲವು ದೊರೆಯಿತು. ಸೋಬ್ರಾಲಿನ ಮತ್ತೊಂದು ದೂರದರ್ಶಕವು 0.93 ಎಂದು ತೋರಿಸಿದ್ದಿತು. ಬಿಸಿಲಿನ ಕಾವಿಗೆ ಅದರ ಚಿತ್ರಗಳು ಮಸುಕಾಗಿದ್ದುದರಿಂದ ಅದನ್ನು ಬಿಟ್ಟರೂ, ಆ ಸಂಖ್ಯೆಯನ್ನು ಮುಚ್ಚಿಡದೆ ವರದಿಯಲ್ಲಿ ಅಚ್ಚುಮಾಡಿದರು. 1922ರಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದವರು ಆಸ್ಟ್ರೇಲಿಯಾದಲ್ಲಿ ಮತ್ತೆ ಅಳೆದು ಐನ್‌ಸ್ಟೈನನ ಸಂಖ್ಯೆಯನ್ನೇ ದೃಢಪಡಿಸಿದರು. ಶತ್ರುದೇಶವಾಗಿದ್ದ ಜರ್ಮನಿಯ ರಾಜಧಾನಿಯಲ್ಲಿ ಯುದ್ಧದ ನಡುವೆ ಹುಟ್ಟಿದ ಸಿದ್ಧಾಂತವನ್ನು ಇಂಗ್ಲೆಂಡಿನವರೇ ಪರೀಕ್ಷಿಸಿ ಎತ್ತಿಹಿಡಿದುದು ವಿದ್ಯೆಯ ಚರಿತ್ರೆಯಲ್ಲಿ ನೆನೆಯತಕ್ಕ ಸಂಗತಿ.

ಭರತಖಂಡವು ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. ಐನ್‌ಸ್ಟೈನನ ಮತ್ತು ಮಿಂಕೋವ್‌ಸ್ಕಿಯ ಮೂಲಲೇಖನಗಳನ್ನು ಮೇಘನಾದ ಸಾಹಾ, ಸತ್ಯೇಂದ್ರನಾಥ ಬೋಸ್ ಎಂಬ ಇಬ್ಬರು ತರುಣ ಅಧ್ಯಾಪಕರು ಜರ್ಮನ್ ಭಾಷೆಯಿಂದ ಇಂಗ್ಲಿಷಿಗೆ ಅನುವಾದಿಸಿದರು. ಪ್ರಶಾಂತಚಂದ್ರ ಮಹಾಲನೋಬಿಸರು ಅದಕ್ಕೆ ಚಾರಿತ್ರಿಕ ಪೀಠಿಕೆಯನ್ನು ಬರೆದರು. ಕಲ್ಕತ್ತ ವಿಶ್ವವಿದ್ಯಾನಿಲಯವು ಅದನ್ನು 1920ರಲ್ಲಿ ಪ್ರಕಟಿಸಿತು. ಮೂಲವನ್ನು ಓದಿ, ಪರೀಕ್ಷಿಸಿ, ತಮ್ಮವರಿಗೆ ತಿಳಿಸಬೇಕೆಂಬ ಆ ತರುಣರ ಉತ್ಸಾಹವು ವಿದ್ಯಾರ್ಥಿಗಳಿಗೆ ಆದರ್ಶಪ್ರಾಯವಾದುದು.

ತರುವಾಯ ಪರೀಕ್ಷೆಗಳು ಒಂದರ ಮೇಲೊಂದಾಗಿ ನಡೆದುವು. ಆಕಾಶದಿಂದ ಬರುವ ಕಿರಣಗಳು ಭೂಮಿಯ ವಾಯುಮಂಡಲಕ್ಕೆ ಹೊಡೆದಾಗ, ಸುಮಾರು ಒಂಬತ್ತು ಮೈಲು ಎತ್ತರದಲ್ಲಿ, ಮ್ಯೂಆನ್ ಎಂಬ ಕಣಗಳು ಹುಟ್ಟುವುವು. ಅವುಗಳ ಸರಾಸರಿ ಆಯುಸ್ಸು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಎರಡು ಭಾಗಕ್ಕಿಂತ ತುಸು ಹೆಚ್ಚು. ಅಷ್ಟರಲ್ಲಿ ಬೆಳಕಿನ ವೇಗದಿಂದ ಓಡಿದರೂ ಸುಮಾರು 2,000 ಅಡಿಯನ್ನು ಮಾತ್ರ ದಾಟಬಹುದು. ಆದರೂ ಅವು ನೆಲವನ್ನು ಮುಟ್ಟುವುವು. ಏಕೆಂದರೆ ವೇಗದಿಂದ ಸಾಗುವ ಅವುಗಳ ಕಾಲವು ನಮ್ಮ ಲೆಕ್ಕದಲ್ಲಿ ನಿಧಾನವಾಗುವುದು. ಅಮೆರಿಕದಲ್ಲಿ ರೊಸ್ಸಿ ಮತ್ತು ಹಾಲ್ ಎಂಬವರು 1941ರಲ್ಲಿ ಇದನ್ನು ಅಳೆದು ತೋರಿಸಿದರು. ಇದೇ ಕಣಗಳು ನೆಲದೊಳಕ್ಕೆ ಎಷ್ಟು ಆಳದವರೆಗೆ ಇಳಿಯುವುವೆಂಬುದನ್ನು ಭಾರತೀಯ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ಅನೇಕ ವರ್ಷಗಳ ಕಾಲ ಅಳೆದರು. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬಿಬ್ಬರು ಸೂಕ್ಷ್ಮವಾದ ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿಟ್ಟುಕೊಂಡು ಭೂಪ್ರದಕ್ಷಿಣೆ ಮಾಡಿದರು. ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ, ಪೂರ್ವಕ್ಕೆ ಹೋದಾಗ ಅವು 59 ಭಾಗ ಹಿಂದೆ ಬಿದ್ದುವು. ಪಶ್ಚಿಮಕ್ಕೆ ಹೋದಾಗ 273 ಭಾಗ ಮುಂದಾದುವು. ಸಿದ್ಧಾಂತದ ಗಣಿತಕ್ಕೆ ಇದು ಹೊಂದಿಕೊಂಡಿತು. ಇಂದು ದಾರಿಹೋಕನ ಕೈಯಲ್ಲಿನ ದೂರವಾಣಿಯು ಊರಿನ ದಾರಿಯನ್ನು ತೋರಿಸುವುದಕ್ಕೂ ಇದೇ ಗಣಿತವು ಬೇಕು. ಸುಮಾರು 12,500 ಮೈಲು ಎತ್ತರದಲ್ಲಿ ಸುತ್ತುವ ಅಮೆರಿಕದ ಜಿ. ಪಿ. ಎಸ್. ಉಪಗ್ರಹಗಳ ಗಡಿಯಾರಗಳು ಗುರುತ್ವವು ಕಡಮೆಯಾದುದರಿಂದ ದಿನಕ್ಕೆ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 45 ಭಾಗ ಮುಂದೆ ಓಡುವುವು, ವೇಗದಿಂದ 7 ಭಾಗ ಹಿಂದೆ ಬೀಳುವುವು. ಉಳಿದ 38 ಭಾಗಗಳನ್ನು ತಿದ್ದದೆ ಹೋದರೆ ದೂರದ ಗಣನೆಯಲ್ಲಿ ದಿನವೊಂದಕ್ಕೆ ಆರೇಳು ಮೈಲುಗಳ ತಪ್ಪು ಸೇರುವುದು.

ಗುರುತ್ವ ತರಂಗಗಳ ಕಥೆಯನ್ನು ಹೇಳಿ ಈ ಚರಿತ್ರೆಯನ್ನು ಮುಗಿಸಬಹುದು. ದೇಶಕಾಲವು ಬಾಗುವುದಾದರೆ ಅದರಲ್ಲಿ ಅಲೆಗಳೂ ಏಳಬೇಕೆಂದು ಐನ್‌ಸ್ಟೈನನು 1916ರಲ್ಲಿ ಹೇಳಿದನು. 1936ರಲ್ಲಿ ಆತನೇ ರೋಸೆನ್ನನೊಡನೆ ಸೇರಿ, ಅಂತಹ ಅಲೆಗಳು ಇರಲಾರವೆಂದು ಲೇಖನವನ್ನು ಬರೆದು ಪತ್ರಿಕೆಗೆ ಕಳುಹಿಸಿದನು. ಪರೀಕ್ಷಕನು ಗಣಿತದಲ್ಲಿ ದೋಷವನ್ನು ತೋರಿಸಿದಾಗ ಆತನಿಗೆ ಕೋಪವು ಬಂದಿತಾದರೂ, ತರುವಾಯ ತಪ್ಪು ತಿಳಿದು ಲೇಖನವನ್ನು ತಿದ್ದಿದನು. ಈ ಶಾಸ್ತ್ರದಲ್ಲಿ ಅದರ ಕರ್ತೃವಿನ ಮಾತೂ ಪರೀಕ್ಷೆಗೆ ಹೊರತಾದುದಲ್ಲ. 1955ರಲ್ಲಿ ಐನ್‌ಸ್ಟೈನನು ತೀರಿಕೊಂಡಾಗಲೂ ಅಲೆಗಳು ಕಂಡಿರಲಿಲ್ಲ. ಬೆಂಗಳೂರಿನವರಾದ ಸಿ. ವಿ. ವಿಶ್ವೇಶ್ವರರವರು 1970ರಲ್ಲಿ ಒಂದು ಮಹತ್ವದ ಗಣಿತವನ್ನು ಪ್ರಕಟಿಸಿದರು. ಬೆಳಕನ್ನೂ ಹೊರಬಿಡದ ಕೃಷ್ಣರಂಧ್ರವನ್ನು ಕದಲಿಸಿದರೆ, ತಟ್ಟಿದ ಕಂಚಿನ ಪಾತ್ರೆಯು ತನ್ನದೇ ಆದ ನಾದವನ್ನು ಕೊಟ್ಟು ಬೇಗನೆ ಅಡಗುವಂತೆ, ಅದೂ ತನ್ನದೇ ಆದ ಕಂಪನದಿಂದ ಗುರುತ್ವ ತರಂಗಗಳನ್ನು ಕಳುಹಿಸಿ ಶಾಂತವಾಗುವುದೆಂದು ಅದರಿಂದ ತಿಳಿಯಿತು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಎಂಬ ಎರಡು ಯಂತ್ರಾಲಯಗಳಲ್ಲಿ ಆ ಅಲೆಯು ಸಿಕ್ಕಿತು. ಸೂರ್ಯನ 36 ಮತ್ತು 29 ಮಡಿ ದ್ರವ್ಯರಾಶಿಯ ಎರಡು ಕೃಷ್ಣರಂಧ್ರಗಳು ಕೂಡಿ 62 ಮಡಿಯ ಒಂದಾಗಿದ್ದುವು. ಉಳಿದ ಮೂರು ಸೂರ್ಯರಷ್ಟು ದ್ರವ್ಯವು ಅಲೆಗಳಾಗಿ ಹೊರಟು ಸುಮಾರು 130 ಕೋಟಿ ವರ್ಷಗಳ ಮೇಲೆ ಭೂಮಿಯನ್ನು ಮುಟ್ಟಿತು. 2017ರಲ್ಲಿ ಕಾಲವಾದ ವಿಶ್ವೇಶ್ವರರವರು ತಮ್ಮ ಗಣಿತದ ಫಲವನ್ನು ಕಣ್ಣಾರೆ ಕಂಡರು. ಇಂತಹುದೇ ಯಂತ್ರಾಲಯವನ್ನು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟಲು ಭಾರತ ಸರ್ಕಾರವು 2023ರಲ್ಲಿ ಒಪ್ಪಿಗೆಯನ್ನು ಕೊಟ್ಟಿದೆ. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಲೈಗೋ ಯಂತ್ರವು ಬೆಳಕಿನ ಕಿರಣವನ್ನು ಎರಡಾಗಿ ಸೀಳಿ, ಎರಡೂವರೆ ಮೈಲು ಉದ್ದದ ಎರಡು ಲಂಬವಾದ ಕೊಳವೆಗಳಲ್ಲಿ ಕಳುಹಿಸಿ ಮರಳಿ ಕೂಡಿಸುವುದು. ಇದು 1887ರಲ್ಲಿ ಮೈಕೆಲ್ಸನ್ನನು ಹೂಡಿದ ಯಂತ್ರದ ಕ್ರಮವೇ ಆಗಿದೆ. ಅಂದು ಏನನ್ನೂ ಕಾಣದೆ ಸಾಪೇಕ್ಷತಾವಾದಕ್ಕೆ ದಾರಿಮಾಡಿದ ಉಪಾಯವೇ 128 ವರ್ಷಗಳ ತರುವಾಯ ಅದರ ಅತ್ಯಂತ ಸೂಕ್ಷ್ಮವಾದ ಫಲವನ್ನು ಕಂಡಿತು.

ಸಭಾಸದರೇ, ಆರಂಭದಲ್ಲಿ ಹೇಳಿದ ಎರಡು ಭ್ರಾಂತಿಗಳಿಗೆ ಈಗ ಉತ್ತರವನ್ನು ಹೇಳಬಹುದು. ಎಲ್ಲವೂ ಅವರವರ ಕಣ್ಣಿಗೆ ಕಂಡಂತೆ ಎಂಬುದಕ್ಕೆ ಈ ಸಿದ್ಧಾಂತದಲ್ಲಿ ಆಧಾರವಿಲ್ಲ. ನಾವೆಯವನ ಲೆಕ್ಕವನ್ನು ದಡದವನ ಲೆಕ್ಕಕ್ಕೆ ಪರಿವರ್ತಿಸುವ ಸೂತ್ರವು ನಿಷ್ಕೃಷ್ಟವಾದುದು. ಅದರಲ್ಲಿ ಒಬ್ಬನ ಇಷ್ಟಾನಿಷ್ಟಗಳಿಗೆ ಎಡೆಯಿಲ್ಲ. ಮತ್ತೊಬ್ಬನು ತನ್ನ ಸ್ಥಾನದಿಂದ ಬೇರೆಯಾಗಿ ಅಳೆದನೆಂದ ಮಾತ್ರಕ್ಕೆ ಅವನನ್ನು ಸುಳ್ಳುಗಾರನೆನ್ನಲಾಗದು. ಇಬ್ಬರಿಗೂ ಸಮ್ಮತವಾದುದು ಯಾವುದೆಂದು ಹುಡುಕುವುದೇ ವಿವೇಕ. ಇನ್ನು ಇದೆಲ್ಲವೂ ಪ್ರಾಚೀನ ಗ್ರಂಥಗಳಲ್ಲಿದೆಯೆಂಬ ಮಾತು. ಪ್ರಾಚೀನರು ಕಾಲದ ಸ್ವರೂಪವನ್ನು ಗಾಢವಾಗಿ ವಿಚಾರಿಸಿರುವರೆಂಬುದು ನಿಜ. ಆದರೆ ಬುಧನ 43 ವಿಕಲೆಗಳನ್ನು ಗಣಿಸಿ ತೋರಿಸಿದ ಶ್ಲೋಕವು ಯಾವುದು? ಅದನ್ನು ತೋರಿಸದೆ ಹೆಮ್ಮೆಪಡುವುದು ಆ ಪ್ರಾಚೀನರಿಗೇ ಅಗೌರವ. ಕೇರಳದ ಪರಮೇಶ್ವರನೆಂಬ ಜ್ಯೋತಿಷಿಯು ಅನೇಕ ವರ್ಷಗಳ ಕಾಲ ಗ್ರಹಣಗಳನ್ನು ಕಣ್ಣಾರೆ ಕಂಡು, ಹಿಂದಿನ ಗಣಿತವು ಆಕಾಶಕ್ಕೆ ಹೊಂದದಿದ್ದಾಗ ಗಣಿತವನ್ನೇ ತಿದ್ದಿ, 1431ರಲ್ಲಿ "ದೃಗ್ಗಣಿತ"ವನ್ನು ರಚಿಸಿದನು. ಆ ಮಾರ್ಗವನ್ನು ಹಿಡಿದು ನಡೆಯುವುದೇ ಅವರಿಗೆ ಸಲ್ಲಿಸುವ ಗೌರವ.

ಸಾಪೇಕ್ಷತಾವಾದವು ಕಡೆಯ ಮಾತೆಂದು ಯಾರೂ ಹೇಳಿಲ್ಲ. ಪರಮಾಣುಗಳ ಲೋಕವನ್ನು ಆಳುವ ಕ್ವಾಂಟಂ ಸಿದ್ಧಾಂತದೊಡನೆ ಗುರುತ್ವದ ಈ ಸಿದ್ಧಾಂತವನ್ನು ಸಮನ್ವಯಗೊಳಿಸುವ ಕಾರ್ಯವು ಇನ್ನೂ ಸಾಧಿತವಾಗಿಲ್ಲ. ಕೃಷ್ಣರಂಧ್ರದ ಗರ್ಭದಲ್ಲಿ ಇದರ ಸಮೀಕರಣಗಳು ಉತ್ತರವನ್ನು ಕೊಡಲಾರವು. ನ್ಯೂಟನ್ನನ ಗಣಿತವನ್ನು ಐನ್‌ಸ್ಟೈನನು ಒಳಗೊಂಡು ಮುಂದೆ ನಡೆದಂತೆ, ಐನ್‌ಸ್ಟೈನನ ಗಣಿತವನ್ನು ಒಳಗೊಂಡು ಮುಂದೆ ನಡೆಯುವವನು ಎಂದಾದರೂ ಹುಟ್ಟಬೇಕು. ಅವನು ಬರ್ನ್ ನಗರದಂತಹ ಕಚೇರಿಯಲ್ಲಿರಬಹುದು, ಈ ನಾಡಿನ ಯಾವುದೋ ಹಳ್ಳಿಯ ಶಾಲೆಯಲ್ಲಿಯೂ ಇರಬಹುದು. ಈ ಸಭೆಯಲ್ಲಿ ಕುಳಿತಿರುವ ವಿದ್ಯಾರ್ಥಿಗಳು ಗಣಿತಕ್ಕೆ ಅಂಜದೆ, ಕೇಳಿದ ಮಾತನ್ನು ಪರೀಕ್ಷಿಸದೆ ಒಪ್ಪದೆ, ಪರೀಕ್ಷೆಯಲ್ಲಿ ನಿಂತ ಮಾತನ್ನು ಪರರದೆಂದು ತಳ್ಳದೆ, ಶ್ರದ್ಧೆಯಿಂದ ಈ ವಿದ್ಯೆಯನ್ನು ಅಭ್ಯಾಸಮಾಡಲೆಂದು ಹಾರೈಸಿ ಈ ಉಪನ್ಯಾಸವನ್ನು ಮುಗಿಸಲಾಗಿದೆ.